ಹಳೆಯ ಪಂಚೆ, ಚಹಾ, ಕಬ್ಬಿಣದ ನೀರು: ಮನೆಯಲ್ಲೇ ಒಂದು ಮಿನಿಮಲಿಸ್ಟ್ ಕಲಾಕೃತಿ

ಶಾಲೆಗಳಲ್ಲಿ ಮಕ್ಕಳಿಂದ 'ಕಸದಿಂದ ರಸ' ಎಂದು ಮಾಡಿಸುತ್ತಾರಲ್ಲ, ಈ ಲೇಖನ ಅದರ ಬಗ್ಗೆ ಅಲ್ಲ. ಅಲ್ಲಿ ಬಾಟಲಿ ಹೂಕುಂಡವಾಗಬೇಕು, ಐಸ್‌ಕ್ರೀಂ ಕಡ್ಡಿ ಗುಡಿಸಲಾಗಬೇಕು. ವಸ್ತು ತನ್ನ ಗುರುತನ್ನು ಎಷ್ಟು ಚೆನ್ನಾಗಿ ಮರೆಮಾಚುತ್ತದೋ ಅಷ್ಟು ಚಪ್ಪಾಳೆ. ಇಲ್ಲಿ ನಾವು ಮಾಡಹೊರಟಿರುವುದು ಅದಕ್ಕೆ ತದ್ವಿರುದ್ಧವಾದದ್ದು. ಪಂಚೆ ಪಂಚೆಯಾಗಿಯೇ ಕಾಣಬೇಕು, ನೂಲು ಬಿದ್ದ ಜಾಗದಲ್ಲಿ ನೂಲು ಬಿದ್ದಿತ್ತೆಂದು ತಿಳಿಯಬೇಕು. ಬಟ್ಟೆ, ಚಹಾ, ಕಬ್ಬಿಣ, ನೂಲು, ಇವಿಷ್ಟರಲ್ಲೇ ಒಂದು ಅಡಿ ಚೌಕದ ಮಿನಿಮಲಿಸ್ಟ್, ಅಂದರೆ ತೀರ ಕಡಿಮೆಯಲ್ಲೇ ಮುಗಿಯುವ, ಅಮೂರ್ತ ಕೃತಿಯೊಂದನ್ನು ಮಾಡುವುದು ಹೇಗೆಂದು ಹೇಳುತ್ತೇನೆ. ಚಹಾದಲ್ಲಿ ನೆನೆಸಿ ಒಣಗಿಸಿದ ಬಟ್ಟೆಯ ಮೇಲೆ ಕಬ್ಬಿಣದ ನೀರಿನಲ್ಲಿ ಅದ್ದಿದ ನೂಲನ್ನು ಒತ್ತಿ ಕಪ್ಪು ಗೆರೆಗಳನ್ನು ಮೂಡಿಸುವುದು, ಇಷ್ಟೇ ಕೆಲಸ. ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈ ಸಾಮಗ್ರಿ ಹೆಚ್ಚುಕಡಿಮೆ ಎಲ್ಲವೂ ಇದೆ. ಜಾಗ ಮಾತ್ರ ಇಲ್ಲ. ಅದಕ್ಕೇ ಈ ಅಳತೆ: ಊಟದ ಮೇಜಿನ ಅರ್ಧ ಭಾಗ, ಬಾಲ್ಕನಿಯ ಒಂದು ಮೂಲೆ ಇದ್ದರೆ ಸಾಕು.

ಬಡ ವಸ್ತುಗಳಿಂದ ಕಲೆ ಎನ್ನುವುದು ಹೊಸ ಹುಚ್ಚೇನೂ ಅಲ್ಲ. ಮಣ್ಣು, ಗೋಣಿ, ಕಲ್ಲಿದ್ದಲು, ಚಿಂದಿಬಟ್ಟೆಗಳನ್ನು ಗ್ಯಾಲರಿಯೊಳಗೆ ತಂದ ಇಟಲಿಯ ಕಲಾವಿದರಿಗೆ ವಿಮರ್ಶಕ ಜೆರ್ಮಾನೊ ಚೆಲಾಂತ್ 1967ರಲ್ಲಿ 'ಆರ್ಟೆ ಪೋವೆರಾ' (ಬಡ ಕಲೆ) ಎಂಬ ಹೆಸರು ಕೊಟ್ಟರು. ಅಷ್ಟು ದೂರ ಹೋಗುವುದೂ ಬೇಡ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸೆಗಣಿಯಿಂದ ಕೃತಿಗಳನ್ನು ಮಾಡಿದರು. ಉದ್ದುದ್ದ ನೂಲನ್ನು ಸೂಜಿಗಳ ಕಣ್ಣಿನಿಂದ ಹಾಯಿಸಿ, ಕುಂಕುಮ ಮತ್ತು ಅಂಟು ಸವರಿ, ಕೆಂಪು ಹಗ್ಗಗಳನ್ನಾಗಿಸಿ ಗೋಡೆಯಿಂದ ನೆಲಕ್ಕೆ ಇಳಿಬಿಟ್ಟರು. ಬೆಂಗಳೂರಿನ ಅಕ್ಕಸಾಲಿಗರ ಮನೆತನದ ಪ್ರಭಾವತಿ ಮೇಪ್ಪಯಿಲ್ ಅವರು ಗೆಸ್ಸೊ ಎಂಬ ಬಿಳಿ ಲೇಪ ಬಳಿದ ಹಲಗೆಯಲ್ಲಿ ತಾಮ್ರದ ತಂತಿಯನ್ನು ಹುದುಗಿಸುತ್ತಾರೆ, ಇಲ್ಲವೇ ಅಕ್ಕಸಾಲಿಗರ ಉಪಕರಣದಿಂದ ಸಣ್ಣಸಣ್ಣ ಗುರುತುಗಳನ್ನು ಸಾಲಾಗಿ ಒತ್ತುತ್ತಾರೆ. ದೂರದಿಂದ ಖಾಲಿ ಎನಿಸುವ ಹಲಗೆ ಹತ್ತಿರ ಹೋದಾಗ ತುಂಬಿಕೊಳ್ಳುತ್ತದೆ.

ಮುಂಬಯಿಯ ಮಟ್ಟಿಗೆ ಎರಡು ಹೆಸರುಗಳನ್ನು ಹೇಳಲೇಬೇಕು. ವಾರ್ಡನ್ ರಸ್ತೆಯಲ್ಲಿದ್ದ ಭೂಲಾಭಾಯಿ ದೇಸಾಯಿ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿ. ಎಸ್. ಗಾಯ್ತೊಂಡೆ ಒಬ್ಬರು. ಗೋವಾ ಮೂಲದ ಇವರು ಕುಂಚ ಬಿಟ್ಟು ರೋಲರ್ ಮತ್ತು ಪ್ಯಾಲೆಟ್ ಚಾಕುವಿನಿಂದ ಬಣ್ಣವನ್ನು ಹಚ್ಚಿ, ಕೆರೆದು ತೆಗೆಯುತ್ತಿದ್ದರು. ಅಲ್ಲೇ ಸ್ಟುಡಿಯೊ ಇದ್ದ ನಸ್ರೀನ್ ಮೊಹಮ್ಮದಿ (1937–1990) ಇನ್ನೊಬ್ಬರು. ಕಟ್ಟಡದ ನಕ್ಷೆ ಬರೆಯುವವರ ಉಪಕರಣಗಳನ್ನು ಹಿಡಿದು, ಕಾಗದ, ಪೆನ್ಸಿಲ್, ಶಾಯಿಗಳಲ್ಲೇ ತಮ್ಮ ಕೆಲಸದ ಬಹುಪಾಲನ್ನು ಮುಗಿಸಿದವರು. ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಅಮೂರ್ತ ಪಂಥದವರಲ್ಲ. ಆದರೂ ಅವರ ರೇಖಾಚಿತ್ರಗಳನ್ನು ಒಮ್ಮೆ ನೋಡಿಬನ್ನಿ. ಒಂದೇ ಗೆರೆಯ ಮೇಲೆ ಎಷ್ಟು ಭಾರ ಹೊರಿಸಬಹುದು ಎಂಬುದನ್ನು ಅವರಷ್ಟು ಹಗುರವಾಗಿ ತೋರಿಸಿದವರು ಕಡಿಮೆ.

ಸರಿ, ಕೆಲಸಕ್ಕೆ ಬರೋಣ.

ಕಬ್ಬಿಣದ ನೀರು: ಇದನ್ನು ಒಂದು ವಾರ ಮೊದಲೇ ಮಾಡಿಡಿ

ಚಹಾವನ್ನು ಒಗರಾಗಿಸುವ ಅಂಶ ಟ್ಯಾನಿನ್. ಅದಕ್ಕೆ ಕಬ್ಬಿಣ ತಾಗಿದರೆ ಬೂದುಗಪ್ಪು ಬಣ್ಣ ಹುಟ್ಟುತ್ತದೆ. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಬೆರಳು ಕಪ್ಪಾಗುವುದರ ಹಿಂದೆ ಇರುವುದೂ ಬಹುಮಟ್ಟಿಗೆ ಇದೇ. ಕೂಸುಗಳಿಗೆ ತೇದು ನೆಕ್ಕಿಸುತ್ತಿದ್ದ ಮಾಚಿಕಾಯಿಯನ್ನು ಕಬ್ಬಿಣದ ಲವಣದೊಂದಿಗೆ ಬೆರೆಸಿ ಮಾಡಿದ ಶಾಯಿಯಲ್ಲಿ ಯುರೋಪಿನವರು ಶತಮಾನಗಳ ಕಾಲ ದಸ್ತಾವೇಜು ಬರೆದರು. ನಾವು ಅಂಗಡಿಯಿಂದ ಬಣ್ಣ ತರುವುದಿಲ್ಲ. ಬಟ್ಟೆಯ ಮೇಲೆಯೇ ಬಣ್ಣ ಹುಟ್ಟುವಂತೆ ಮಾಡುತ್ತೇವೆ.

ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಯೊಂದನ್ನು ತೆಗೆದುಕೊಳ್ಳಿ. ಅದರಲ್ಲಿ 200 ಮಿ.ಲೀ. ಬಿಳಿ ವಿನೆಗರ್, ಅಷ್ಟೇ ನೀರು, ಒಂದು ಹಿಡಿ ಕಬ್ಬಿಣ ಹಾಕಿ. ಯಾವ ಕಬ್ಬಿಣ ಎಂಬುದು ಮುಖ್ಯ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬರ್ ತುಕ್ಕು ಹಿಡಿಯುವುದಿಲ್ಲ, ಬೇಡ. ಹೊಳೆಯುವ ಮೊಳೆಗಳಿಗೆ ಸತುವಿನ ಲೇಪ ಇರುತ್ತದೆ, ಅದೂ ಬೇಡ. ಕಟ್ಟಡದ ಕೆಲಸದಲ್ಲಿ ಸರಳುಗಳನ್ನು ಬಿಗಿಯಲು ಬಳಸುವ ಕಪ್ಪು ಬೈಂಡಿಂಗ್ ತಂತಿ ಇದಕ್ಕೆ ಹೇಳಿಮಾಡಿಸಿದ್ದು. ಮುಂಬಯಿಯಲ್ಲಿ ಯಾವುದಾದರೂ ಕಟ್ಟಡ ಒಡೆಯುತ್ತಿರದ, ಇನ್ನೊಂದು ಏಳುತ್ತಿರದ ಗಲ್ಲಿ ಇದೆಯೇ? ಮೇಸ್ತ್ರಿಯನ್ನು ಕೇಳಿದರೆ ಒಂದು ಹಿಡಿ ಪುಕ್ಕಟೆ ಸಿಗುತ್ತದೆ. ತುಕ್ಕು ಹಿಡಿದಿದ್ದರೆ ಇನ್ನೂ ಒಳ್ಳೆಯದು.

ಬಾಟಲಿಯ ಮುಚ್ಚಳವನ್ನು ಬಿಗಿಯಬೇಡಿ. ಒಳಗೆ ಜಲಜನಕ ಅನಿಲ ಹುಟ್ಟುತ್ತಿರುತ್ತದೆ, ಅದು ಹೊರಹೋಗಬೇಕು. ಬಾಯಿಗೆ ಬಟ್ಟೆ ಕಟ್ಟಿ ಬಾಲ್ಕನಿಯಲ್ಲಿ, ಒಲೆ ಮತ್ತು ದೇವರ ದೀಪದಿಂದ ದೂರ ಇಡಿ. ವಾರದ ಹೊತ್ತಿಗೆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಚಹಾದ ಕಲೆ ಇರುವ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ. ಅಲ್ಲೇ ಬೂದುಬಣ್ಣ ಏರಿದರೆ ಸಿದ್ಧವಾಗಿದೆ ಎಂದರ್ಥ. ಬಟ್ಟೆಯಲ್ಲಿ ಸೋಸಿಡಿ. ಸೋಸಿದ ಬಟ್ಟೆ, ಚಮಚ, ಲೋಟ ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು.

ಬಟ್ಟೆ ಮತ್ತು ನೂಲಿನ ಆಯ್ಕೆ

ತೊಳೆದು ತೊಳೆದು ತೆಳ್ಳಗಾದ ಹತ್ತಿಯ ಪಂಚೆ ಅಥವಾ ಬಿಳಿ ಬೈರಾಸ (ಟವೆಲು) ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಚಹಾವನ್ನು ಹೀರುವುದಿಲ್ಲ. ಜರಿಯಂಚು ಇದ್ದರೆ ಕತ್ತರಿಸಿ ತೆಗೆಯಿರಿ. "ಅಂಚು ಚೆನ್ನಾಗಿದೆ, ಇರಲಿ" ಎಂದು ಮನಸ್ಸು ಹೇಳುತ್ತದೆ. ಆ ಮಾತಿಗೆ ಕಿವಿಗೊಟ್ಟರೆ ಅಲಂಕಾರದ ಬಾಗಿಲು ತೆರೆದ ಹಾಗೆ; ಮುಂದೆ ಮಣಿ, ಕನ್ನಡಿ, ಕುಚ್ಚು ಎಲ್ಲವೂ ಒಳಗೆ ಬರುತ್ತವೆ.

ಬಟ್ಟೆ ನಿಜವಾಗಿ ಹತ್ತಿಯೇ ಎಂದು ತಿಳಿಯಲು ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೂಲಿಗೂ ಇದೇ ಪರೀಕ್ಷೆ. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಹೂ ಕಟ್ಟಲು ಬಳಸುವ ನೂಲು ಹತ್ತಿಯದಾಗಿದ್ದರೆ ನಮಗೆ ಬೇಕಾದದ್ದು ಅದೇ: ಹೆಚ್ಚು ಹುರಿಯಿಲ್ಲದ, ನೀರು ಕುಡಿಯುವ ನೂಲು. ಹೊಲಿಗೆಯ ದಾರ ತೀರ ತೆಳ್ಳಗೆ, ನುಣುಪು. ಅದರ ಗೆರೆ ಬಡಕಲಾಗುತ್ತದೆ.

ನಲವತ್ತು ಸೆಂ.ಮೀ. ಚೌಕದ ತುಂಡು ಕತ್ತರಿಸಿಕೊಳ್ಳಿ. ಒಂದೇ ಸಾಲದು, ಮೂರು ನಾಲ್ಕು ಇರಲಿ. ಎರಡು ಲೀಟರ್ ನೀರಿಗೆ ಒಂದು ಚಮಚ ತೊಳೆಯುವ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ. ವರ್ಷಗಳ ಬೆವರು, ಎಣ್ಣೆ, ಸಾಬೂನಿನ ಶೇಷ ಎಲ್ಲ ಹೋಗಬೇಕು. ಹೋಗದಿದ್ದರೆ ಚಹಾ ಅಲ್ಲಲ್ಲಿ ಹಿಡಿಯದೆ ಚಿಬ್ಬು ಬಿದ್ದಂತೆ ಕಾಣುತ್ತದೆ. ಸಾರಿನ ಹಳೆಯ ಕಲೆಯೊಂದು ಜಪ್ಪಯ್ಯ ಎಂದರೂ ಹೋಗದಿದ್ದರೆ ಬಿಟ್ಟುಬಿಡಿ, ಅದು ಬಟ್ಟೆಯ ಚರಿತ್ರೆ.

ಚಹಾ

ಒಂದು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಚಹಾಪುಡಿ, ಹದಿನೈದು ನಿಮಿಷ ಕುದಿತ, ಸೋಸುವಿಕೆ. ಹೊಸ ಪುಡಿಯೇ ಬೇಕೆಂದಿಲ್ಲ. ಗುರುತಿನ ಉಡುಪಿ ಹೋಟೆಲ್ ಇದ್ದರೆ ಕುದಿಸಿದ ಚಹಾದ ಚರಟವನ್ನು ಕೇಳಿ ತನ್ನಿ, ಎರಡರಷ್ಟು ಹಾಕಿ. ಆದರೆ ಹಾಲು ಬೆರೆಸಿ ಕುದಿಸಿದ ಚರಟ ಬೇಡವೇ ಬೇಡ. ಹಾಲಿನ ಪ್ರೋಟೀನ್ ಟ್ಯಾನಿನನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಬಟ್ಟೆ ನಾರುತ್ತದೆ. ಮುಂಬಯಿಯಲ್ಲಿ ಹಾಲಿಲ್ಲದ ಚಹಾದ ಚರಟ ಹುಡುಕುವುದು ಸ್ವಲ್ಪ ಕಷ್ಟವೇ. ಲಿಂಬು ಚಹಾ ಮಾಡುವ ಕಡೆ ವಿಚಾರಿಸಿ.

ನೀರಿನ ಬಗ್ಗೆ ಒಂದು ಮಾತು. ಮಹಾನಗರಪಾಲಿಕೆಯ ನಲ್ಲಿ ನೀರು ಕೆರೆಗಳದ್ದು, ಮೆದು. ಸೊಸೈಟಿಗಳಲ್ಲಿ ಶೌಚಾಲಯಕ್ಕೆಂದು ಬರುವ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಚಹಾ ಪಾತ್ರೆಯಲ್ಲೇ ಕಪ್ಪಿಟ್ಟು, ಬಟ್ಟೆಯೆಲ್ಲ ಮಬ್ಬು ಬೂದಿಯಾಗುತ್ತದೆ. ಆಮೇಲೆ ಎಳೆದ ಗೆರೆ ಎದ್ದು ಕಾಣುವುದಿಲ್ಲ. ಕುಡಿಯುವ ನೀರನ್ನೇ ಬಳಸಿ. ಅದೇ ಕಾರಣಕ್ಕೆ ಕಬ್ಬಿಣದ ಬಾಣಲೆಯೂ ಬೇಡ. ಸ್ಟೀಲ್ ಪಾತ್ರೆ ಸಾಕು.

ಬಟ್ಟೆಯನ್ನು ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಹಿಂಡದೆ ಎತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ಹಗ್ಗದ ಮೇಲೆ ಹಾಕಿದರೆ ಚಹಾ ಕೆಳಕ್ಕೆ ಇಳಿದು ಒಂದು ಅಂಚು ಕಪ್ಪಾಗುತ್ತದೆ, ನಡುವೆ ಹಗ್ಗದ ಗೆರೆ ಬೀಳುತ್ತದೆ. ಒಣಗಿದ ಮೇಲೆ ತೊಳೆಯಬೇಡಿ. ಬಣ್ಣ ತೀರ ತಿಳಿ ಎನಿಸಿದರೆ ಇನ್ನೊಮ್ಮೆ ಮುಳುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಯಾನಿನ ಅಡಿಯಲ್ಲಿಟ್ಟರೂ ಬೇಗ ಒಣಗುವುದಿಲ್ಲ, ಒದ್ದೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಇದು ದೀಪಾವಳಿಯ ನಂತರ ಕೈಗೆತ್ತಿಕೊಳ್ಳುವ ಕೆಲಸ.

ಗೆರೆ ಎಳೆಯುವ ಮೊದಲು

ಕಾಗದದ ಮೇಲೆ ನಿಯಮ ಬರೆದುಕೊಳ್ಳಿ. ಉದಾಹರಣೆಗೆ: "ಅಡ್ಡ ಗೆರೆಗಳು ಮಾತ್ರ. ಒಂದೊಂದು ಸೆಂ.ಮೀ. ಅಂತರ. ಮೇಲಿನಿಂದ ಹತ್ತು ಸೆಂ.ಮೀ. ಖಾಲಿ. ಒಂದೇ ನೂಲು, ಒಮ್ಮೆ ಅದ್ದಿದ್ದು ಖಾಲಿಯಾಗುವವರೆಗೆ." ಕೊನೆಯ ನಿಯಮದಿಂದ ಗೆರೆಗಳು ಕಪ್ಪಿನಿಂದ ತಿಳಿಬೂದಿಗೆ ತಾವಾಗಿಯೇ ಇಳಿಯುತ್ತವೆ, ಅದನ್ನು ನೀವು 'ವಿನ್ಯಾಸ' ಮಾಡಬೇಕಾಗಿಲ್ಲ. ನಿಯಮ ನಿಮ್ಮದೇ ಇರಲಿ, ಆದರೆ ನಾಲ್ಕು ಸಾಲು ಮೀರದಿರಲಿ. ಕೆಲಸ ಶುರುವಾದ ಮೇಲೆ ಬದಲಿಸಬಾರದು. ನಡುವೆ ಹೊಳೆದ ಒಳ್ಳೆಯ ಯೋಚನೆಗೆ ಇನ್ನೊಂದು ಬಟ್ಟೆಯ ತುಂಡು ಇದೆ.

ಬಣ್ಣದ ಆಸೆಯೂ ಈ ಹಂತದಲ್ಲೇ ಕಾಡುತ್ತದೆ. ಅಡುಗೆಮನೆಯ ಅರಿಶಿನ, ದೇವರ ಮನೆಯ ಕುಂಕುಮ ಕೈಗೆ ಹತ್ತಿರವೇ ಇವೆ. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ, ಪೇಟೆಯ ಕುಂಕುಮದ ಬಣ್ಣವನ್ನೂ ನಂಬುವಂತಿಲ್ಲ. ಬಣ್ಣ ಬೇಕೇಬೇಕೆಂದರೆ ಕೆಮ್ಮಣ್ಣು ಒಳ್ಳೆಯದು, ಅದು ಮಾಸುವುದಿಲ್ಲ. ಗೋವಾ ಮತ್ತು ನಮ್ಮ ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯನ್ನು ಗಮನಿಸಿ: ಸುಣ್ಣದ ಬಿಳಿ, ಕಾವಿಯ ಕೆಂಪು, ಎರಡರಲ್ಲೇ ಇಡೀ ಗೋಡೆ ಮುಗಿದಿರುತ್ತದೆ. ಮೊದಲ ಕೃತಿಗೆ ಮಾತ್ರ ಚಹಾ ಮತ್ತು ಕಬ್ಬಿಣವೇ ಸಾಕು ಎಂಬುದು ನನ್ನ ಹಟ.

ಗೆರೆ

ಮೇಜಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬಟ್ಟೆಯನ್ನು ಸುಕ್ಕಿಲ್ಲದೆ ಹರಡಿ, ನಾಲ್ಕು ಮೂಲೆಗೂ ಟೇಪು ಅಂಟಿಸಿ. ಕೆಳಗೆ ಪತ್ರಿಕೆ ಹಾಸಬೇಡಿ, ಅದರ ಶಾಯಿ ಬಟ್ಟೆಗೆ ಹತ್ತುತ್ತದೆ. ಎಡ ಬಲ ಅಂಚುಗಳಲ್ಲಿ ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಚುಕ್ಕಿ ಗುರುತು ಹಾಕಿ. ಕೈಗವಸು ತೊಡಿ.

ಅರವತ್ತು ಸೆಂ.ಮೀ. ನೂಲನ್ನು ಕಬ್ಬಿಣದ ನೀರಿನಲ್ಲಿ ಒಂದು ನಿಮಿಷ ಅದ್ದಿಡಿ. ಎತ್ತಿ, ಎರಡು ಬೆರಳ ನಡುವೆ ಒಮ್ಮೆ ಮೆಲ್ಲನೆ ಸವರಿ ಹನಿ ತೆಗೆಯಿರಿ. ನೂಲು ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ಈಗ ಇನ್ನೊಬ್ಬರ ಸಹಾಯ ಬೇಕು. ಬಡಗಿಗಳು ಹಲಗೆಗೆ ನೂಲು ಹೊಡೆಯುವಾಗ ಹಿಡಿಯುವಂತೆ ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಬಿಗಿಯಾಗಿ ಎಳೆದು, ಎರಡೂ ಚುಕ್ಕಿಗಳ ಮೇಲೆ ಬರುವಂತೆ ಒಂದೇ ಸಲಕ್ಕೆ ಕೆಳಗಿಳಿಸಿ. ಇಳಿಸಿದ ಮೇಲೆ ಸರಿಪಡಿಸಬೇಡಿ. ತಾಗಿದ ಕ್ಷಣದಿಂದಲೇ ಬಣ್ಣ ಏರತೊಡಗುತ್ತದೆ, ಸರಿಸಿದರೆ ಒಂದರ ಬದಲು ಎರಡು ಗೆರೆ. ಮೇಲೆ ಇನ್ನೊಂದು ಪ್ಲಾಸ್ಟಿಕ್ ಪಟ್ಟಿ ಇಟ್ಟು, ಅದರ ಮೇಲೆ ಭಾರವಾದ ಪುಸ್ತಕ ಹೇರಿ ಐದು ನಿಮಿಷ ಬಿಡಿ. ನಂತರ ನೂಲನ್ನು ನೇರವಾಗಿ ಮೇಲಕ್ಕೆ ಎತ್ತಿ. ಪಕ್ಕಕ್ಕೆ ಎಳೆದು ತೆಗೆಯಬಾರದು.

ಬಟ್ಟೆ ಪೂರ್ತಿ ಒಣಗಿದ್ದರೆ ಗೆರೆ ಚೂಪಾಗಿ, ನೂಲಿನ ಹುರಿಯ ಗುರುತೂ ಕಾಣುವಂತೆ ಬರುತ್ತದೆ. ಬಟ್ಟೆಗೆ ತುಸು ನೀರು ಚಿಮುಕಿಸಿದ್ದರೆ ಗೆರೆ ಎರಡೂ ಕಡೆಗೆ ಹಬ್ಬಿ ಮೋಡದಂತಾಗುತ್ತದೆ. ಎರಡೂ ಸರಿಯೇ, ಆದರೆ ಒಂದೇ ಕೃತಿಯಲ್ಲಿ ಎರಡನ್ನೂ ಬೆರೆಸಿದರೆ ನೋಡುವವನ ಗಮನ ಚೆಲ್ಲಾಪಿಲ್ಲಿಯಾಗುತ್ತದೆ. ಮೊದಲಿಗೆ ಒಣ ಬಟ್ಟೆಯಲ್ಲೇ ಮಾಡಿ. ಹಾಳಾದರೂ ಚಿಂತೆಯಿಲ್ಲದ ತುಂಡಿನ ಮೇಲೆ ನಾಲ್ಕೈದು ಗೆರೆ ಹಾಕಿ, ಎಷ್ಟು ಹಿಂಡಿದರೆ ಎಷ್ಟು ದಪ್ಪ ಎಂಬ ಲೆಕ್ಕ ಬೆರಳಿಗೆ ಸಿಗಲಿ.

ಇನ್ನು ಸೊಟ್ಟತನದ ಪ್ರಶ್ನೆ. ಕೈಕೆಲಸ ಎಂದು ತೋರಿಸಲು ಬೇಕೆಂದೇ ಗೆರೆಯನ್ನು ವಕ್ರವಾಗಿ ಇಡುವವರಿದ್ದಾರೆ. ಅಂಗಡಿಗಳಲ್ಲಿ ಯಂತ್ರದಿಂದಲೇ 'ಕೈಕೆಲಸದಂತೆ' ಕಾಣುವ ಬಟ್ಟೆ ಮಾರುವುದೂ ಇದೇ ಜಾತಿಯ ಮೋಸ. ನೀವು ನಿಮ್ಮ ಶಕ್ತಿಮೀರಿ ನೇರವಾಗಿಯೇ ಇಡಿ. ಅಷ್ಟರ ಮೇಲೂ ನೂಲಿನ ಗಂಟಿನಿಂದ, ಬಟ್ಟೆಯ ಸವೆತದಿಂದ, ಎದುರಿಗಿರುವವರು ಕೆಮ್ಮಿದ್ದರಿಂದ ಏನು ಕೊಂಕು ಬರುತ್ತದೋ ಅದು ಕೃತಿಗೆ ಸೇರಿದ್ದು. ಅಮೆರಿಕದ ಆಗ್ನೆಸ್ ಮಾರ್ಟಿನ್ ಆರು ಅಡಿ ಚೌಕದ ಕ್ಯಾನ್ವಾಸ್‌ಗಳ ಮೇಲೆ ಪಟ್ಟಿ ಇಟ್ಟೇ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಆದರೂ ಹತ್ತಿರದಿಂದ ನೋಡಿದರೆ ಕ್ಯಾನ್ವಾಸಿನ ನೇಯ್ಗೆಯ ಮೇಲೆ ಪೆನ್ಸಿಲ್ ಮುಗ್ಗರಿಸಿದ್ದು ಕಾಣುತ್ತದೆ. ಪಟ್ಟಿಯೇ ಇಲ್ಲದೆ ನಡುಗುವ ಗೆರೆ ಎಳೆದಿದ್ದರೆ ಅದು ಬರಿಯ ನಟನೆಯಾಗುತ್ತಿತ್ತು.

ಮೂಲೆಯಲ್ಲೊಂದು ಕಪ್ಪು ಹನಿ ಬಿತ್ತು ಎನ್ನಿ. ಅದನ್ನು ಹೂವಾಗಿಸಲು ಹೋಗಬೇಡಿ. ಇರಲಿ, ಅಥವಾ ತುಂಡನ್ನೇ ಬದಲಿಸಿ.

ತೊಳೆಯುವುದನ್ನು ಮರೆಯಬೇಡಿ

ಗೆರೆಗಳು ಮುಗಿದ ಮೇಲೆ ಬಟ್ಟೆಯನ್ನು ಒಂದು ದಿನ ಗಾಳಿಗೆ ಬಿಡಿ. ಗಾಳಿ ತಾಗಿ ಕಪ್ಪು ಇನ್ನಷ್ಟು ಗಾಢವಾಗುತ್ತದೆ. ನಂತರ ಒಂದು ಬಕೆಟ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಹತ್ತು ನಿಮಿಷ ಮುಳುಗಿಸಿ, ಉಜ್ಜದೆ, ಆಮೇಲೆ ಬರಿ ನೀರಿನಲ್ಲಿ ಜಾಲಿಸಿ. ಚಹಾದ ಬಣ್ಣ ಸ್ವಲ್ಪ ಇಳಿಯುತ್ತದೆ, ಗೆರೆ ಉಳಿಯುತ್ತದೆ. ಈ ಹಂತ ಬೇಸರದ್ದು, ಬಿಟ್ಟರೂ ಮರುದಿನವೇ ಏನೂ ಆಗುವುದಿಲ್ಲ. ಆದರೆ ಉಳಿದ ಆಮ್ಲ ಮತ್ತು ಕಬ್ಬಿಣ ಸೇರಿ ಹತ್ತಿಯ ಎಳೆಯನ್ನು ನಿಧಾನವಾಗಿ ತಿನ್ನುತ್ತವೆ. ಮಾಚಿಕಾಯಿ ಶಾಯಿಯಲ್ಲಿ ಬರೆದ ಹಳೆಯ ಹಸ್ತಪ್ರತಿಗಳಲ್ಲಿ ಎಷ್ಟೋ ಕಡೆ ಅಕ್ಷರವಿದ್ದ ಜಾಗದಲ್ಲೇ ಕಾಗದ ತೂತಾಗಿರುವುದು ಹೀಗೆಯೇ.

ಹಲಗೆಗೆ ಹೊದಿಸುವುದು

ಮೂವತ್ತು ಸೆಂ.ಮೀ. ಚೌಕದ ಪ್ಲೈವುಡ್ ಅನ್ನು ಬಡಗಿಯ ಅಂಗಡಿಯಲ್ಲಿ ಚೂರುಗಳ ರಾಶಿಯಿಂದ ಕತ್ತರಿಸಿಕೊಡುತ್ತಾರೆ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಹಲಗೆಗೂ ಬಟ್ಟೆಗೂ ನಡುವೆ ಒಂದು ಬಿಳಿ ಹತ್ತಿ ಬಟ್ಟೆ ಹಾಕಿದರೆ ಮರದ ಬಣ್ಣ ಮುಂದಕ್ಕೆ ಬರುವುದಿಲ್ಲ. ಕೃತಿಯನ್ನು ಮೇಲೆ ಹಾಸಿ, ಐದು ಸೆಂ.ಮೀ. ಅಂಚನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆಯಿರಿ. ಮೊದಲು ನಾಲ್ಕು ಬದಿಗಳ ನಡುಮಧ್ಯೆ, ಆಮೇಲೆ ಮೂಲೆಗಳ ಕಡೆಗೆ. ಮೊಳೆ ಹಿತ್ತಾಳೆಯದೇ ಆಗಿರಲಿ. ಕಬ್ಬಿಣದ ಮೊಳೆಗೆ ಮೊದಲ ಮಳೆಗೇ ತುಕ್ಕು ಹಿಡಿದು, ಚಹಾ ಇರುವ ಬಟ್ಟೆಯಲ್ಲಿ ಅದು ತನ್ನದೇ ಚಿತ್ರ ಬರೆಯಲು ಶುರುಮಾಡುತ್ತದೆ.

ಎದುರಿಗೆ ಸಹಿ ಹಾಕಬೇಡಿ. ಮೂಲೆಯ ಆ ಸಣ್ಣ ಸಹಿ ಇಡೀ ಖಾಲಿ ಜಾಗವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಇಸವಿ, 'ಹತ್ತಿ ಪಂಚೆ, ಚಹಾ, ಕಬ್ಬಿಣ' ಎಂದು ಸಾಮಗ್ರಿ, ಮತ್ತು ಆ ನಾಲ್ಕು ಸಾಲಿನ ನಿಯಮವನ್ನು ಬರೆದಿಡಿ.

ಗಾಜು ಹಾಕಿಸುವುದಾದರೆ ಚೌಕಟ್ಟು ಮಾಡುವವರಿಗೆ ಗಾಜಿಗೂ ಬಟ್ಟೆಗೂ ಅಂತರ ಬಿಡಲು ಹೇಳಿ. ತಾಗಿದರೆ ತೇವ ಕೂತು ಬೂಷ್ಟು ಬರುತ್ತದೆ. ನೇರ ಬಿಸಿಲು ಬೀಳುವ ಕಡೆ, ಮತ್ತು ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಮಳೆಗಾಲಕ್ಕೆ ಒಸರುವ ಹೊರಗೋಡೆಯ ಮೇಲೆ ತೂಗುಹಾಕಬೇಡಿ. ಹಲಗೆಯ ಹಿಂದಿನ ಕೆಳ ಮೂಲೆಗಳಿಗೆ ಎರಡು ಕಾರ್ಕ್ ಚೂರು ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುತ್ತದೆ.

ಇಷ್ಟು ರಗಳೆ ಬೇಡ ಎನ್ನುವವರಿಗೆ

ಚಾಳಿನ ಒಂದೇ ಖೋಲಿಯಲ್ಲಿ ಐದು ಜನ ಇದ್ದರೆ ವಿನೆಗರ್ ಬಾಟಲಿ, ಬಕೆಟ್ ಎಲ್ಲ ಕಷ್ಟ. ಅಂಥವರಿಗೆ ಸೂಜಿ ಮತ್ತು ಕಾಗದ ಸಾಕು. ಅಲೀಗಢದಲ್ಲಿ ಹುಟ್ಟಿದ ಕಲಾವಿದೆ ಜರೀನಾ ಅವರು 1970ರ ದಶಕದಲ್ಲಿ ಕಾಗದಕ್ಕೆ ಸೂಜಿ ಚುಚ್ಚಿಯೇ ಒಂದು ಸರಣಿ ಮಾಡಿದ್ದರು, ಶಾಯಿಯಿಲ್ಲ, ಬಣ್ಣವಿಲ್ಲ. ಚಿಂದಿ ಹತ್ತಿಯ ಕೈಕಾಗದ ತನ್ನಿ. ಪುಣೆಯ ಶಿವಾಜಿನಗರದಲ್ಲಿ 1940ರಲ್ಲಿ ಶುರುವಾದ ಕೈಕಾಗದ ಸಂಸ್ಥೆ ಇದೆ, ಆ ಕಡೆ ಹೋದಾಗ ನೋಡಿಬನ್ನಿ. ಕಾಗದದ ಕೆಳಗೆ ಮಡಚಿದ ಕಂಬಳಿ ಇಟ್ಟು, ಹಿಂಬದಿಯಿಂದ ಸಾಲುಸಾಲಾಗಿ ಚುಚ್ಚಿ. ಮುಂದೆ ಉಬ್ಬಿದ ಚುಕ್ಕಿಗಳು ಪಕ್ಕದಿಂದ ಬೆಳಕು ಬಿದ್ದಾಗಲೇ ಕಾಣುತ್ತವೆ. ಇಲ್ಲೂ ನಿಯಮವನ್ನು ಮೊದಲೇ ಬರೆದುಕೊಳ್ಳಬೇಕು.

ಉಳಿದ ಕಬ್ಬಿಣದ ನೀರು ತಿಂಗಳುಗಟ್ಟಲೆ ಇರುತ್ತದೆ, ಎರಡನೆಯ ಮತ್ತು ಮೂರನೆಯ ತುಂಡಿಗೆ ಅದೇ ಆದೀತು. ಎಸೆಯುವುದಾದರೆ ಬೇಕಾದಷ್ಟು ನೀರು ಬೆರೆಸಿ ಮೋರಿಗೆ ಬಿಡಿ. ಬಿಳಿ ಟೈಲ್ಸ್ ಮೇಲೆ ಚೆಲ್ಲಿದರೆ ಕಲೆ ಹೋಗುವುದಿಲ್ಲ. ಇಟ್ಟುಕೊಳ್ಳುವುದಾದರೆ ಬಾಟಲಿಯ ಮೇಲೆ 'ಕುಡಿಯಬಾರದು' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ನೋಡಲು ಅದು ಸೋಸಿಟ್ಟ ಚಹಾದ ಹಾಗೆಯೇ ಇರುತ್ತದೆ, ಮನೆಗೆಲಸಕ್ಕೆ ಬರುವಾಕೆಗೆ ಬಾಯಿಮಾತಿನಲ್ಲೂ ಹೇಳಿಬಿಡಿ.